ಫೋರೇಟ್ ಹರಳು ಬಂದ್ ಮಾಡಿದ್ದು ಯಾಕೆ?

ಪ್ರಶ್ನೆ (ಭತ್ತದ ರೈತ, ಸಿಂಧನೂರು ತಾಲ್ಲೂಕು): ಮೇಡಂ, ನಮ್ಮಪ್ಪನ ಕಾಲದಿಂದ ಕಾಂಡ ಕೊರಕ ಹುಳಕ್ಕೆ ಫೋರೇಟ್ ಅನ್ನುವ ಕೀಟನಾಶಕದ ಹರಳು ಹಾಕುತ್ತಿದ್ದೆವು. ರೇಟು ಕಮ್ಮಿ, ಕೆಲಸವೂ ಆಗುತ್ತಿತ್ತು. ಈಗ ಬಂದ್ ಅಂತಾರೆ. ಮೊನ್ನೆ ಒಬ್ಬ ಅಂಗಡಿಯವರು ಲೇಬಲ್ ಇಲ್ಲದ ಚೀಲ ತೋರಿಸಿ, "ಅದೇ ಮಾಲು, ಬಿಲ್ ಮಾತ್ರ ಕೇಳಬೇಡ" ಅಂದರು. ತಗೊಳ್ಳಬಹುದಾ? ಇಂಥ ಕಾನೂನಿಂದ ನಮ್ಮ ಖರ್ಚು ಜಾಸ್ತಿ ಆಗಿದ್ದು ಬಿಟ್ಟರೆ ಏನು ಉಪಯೋಗ?

ಉತ್ತರ (ಕೀಟನಾಶಕ ಪರೀಕ್ಷಿಸುವ ರಸಾಯನಶಾಸ್ತ್ರಜ್ಞೆ, ರಾಯಚೂರು): ತಗೊಳ್ಳಬೇಡಿ ಅಣ್ಣ. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಳೆಗೆ ಹಾಕುವ 18 ಔಷಧಗಳನ್ನು ನಿಷೇಧಿಸುವ ಆದೇಶ ತಂದಿತು. ಅದರಲ್ಲಿ ಫೋರೇಟ್ ಸೇರಿ 6ಕ್ಕೆ 2020ರ ಡಿಸೆಂಬರ್ 31ರವರೆಗೆ ಸಮಯ ಕೊಟ್ಟಿದ್ದರು. ಅದು ಮುಗಿದು ವರ್ಷಗಳೇ ಆದವು.

ನರ ಒಂದು ಸುದ್ದಿ ಕಳಿಸಿದ ಮೇಲೆ ಅದನ್ನು ಅಳಿಸುವ ಕಿಣ್ವ ನಮ್ಮ ಮೈಯಲ್ಲಿದೆ. ಫೋರೇಟ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಹುಳ ಸಾಯುವುದು ಹಾಗೆ, ಮನುಷ್ಯ ಸಾಯುವುದೂ ಹಾಗೆಯೇ. ಬೆವರು, ಜೊಲ್ಲು, ಕೊನೆಗೆ ಉಸಿರು ಕಟ್ಟುವುದು. ಬರಿಗೈಯಲ್ಲಿ ಎರಚಿದರೆ ಚರ್ಮದಿಂದಲೇ ಒಳಗೆ ಹೋಗುತ್ತದೆ. ಹರಳನ್ನು ಕಾಳು ಅಂತ ಹೆಕ್ಕುವ ಹಕ್ಕಿಗೂ ಉಳಿಗಾಲವಿಲ್ಲ.

1958ರಲ್ಲಿ ಇದೇ ಜಾತಿಯ ಪ್ಯಾರಾಥಿಯಾನ್ ಹಡಗಿನಲ್ಲಿ ಸೋರಿ ಗೋಧಿ ಹಿಟ್ಟಿಗೆ ಸೇರಿತು. ಅದನ್ನು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಆಮೇಲೆ ವಿಚಾರಣೆ ನಡೆದು 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. ಲೇಬಲ್, ಬಿಲ್, ಲೈಸೆನ್ಸ್ ಎಲ್ಲಕ್ಕೂ ಬೇರು ಅಲ್ಲಿದೆ.

ಖರ್ಚು ಏರಿದ್ದು ನಿಜ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಮಾತು ಕೇಳಿ. ಬೆಳೆಗೆ ಔಷಧ ಹೊಡೆಯುವಾಗ ಯಾರಾದರೂ ಬಿದ್ದರೆ ಡಾಕ್ಟರ್ ಮೊದಲು ಕೇಳೋದು "ಯಾವ ಔಷಧ?" ಅಂತ. ಫೋರೇಟ್ ಜಾತಿಗೆ ಆಟ್ರೋಪಿನ್ ಅನ್ನುವ ಮದ್ದು ಕೊಡಬೇಕು, ಬೇರೆ ಎಷ್ಟೋ ಜಾತಿಗೆ ಅದು ನಡೆಯುವುದಿಲ್ಲ. ಲೇಬಲ್ ಇಲ್ಲದ ಚೀಲ ಹಿಡಿದು ಹೋದರೆ ಅವರಿಗೆ ಏನಂತ ಹೇಳುತ್ತೀರಿ? ಆ ಚೀಲದಲ್ಲಿ ಫೋರೇಟೇ ಇದೆ ಅನ್ನುವುದಕ್ಕಾದರೂ ಏನು ಗ್ಯಾರಂಟಿ?

ಕಾಂಡ ಕೊರಕಕ್ಕೆ ಕ್ಲೋರಾಂಟ್ರಾನಿಲಿಪ್ರೋಲ್ ಶೇ. 0.4ರ ಹರಳಿದೆ, ಎಕರೆಗೆ 4 ಕಿಲೋ. ಕೈಗವಸು ಮರೆಯಬೇಡಿ.

ಪ್ರಶ್ನೆ (ಮೆಣಸಿನಕಾಯಿ ಬೆಳೆಯುವವರು, ಸಿರುಗುಪ್ಪ): ಮೇಡಂ, ಡಬ್ಬಿ ಮೇಲೆ ಹಸಿರು ತ್ರಿಕೋನ ಇದ್ದರೆ ಕಾಯಿ ಬಿಡಿಸುವ ಹಿಂದಿನ ದಿನ ಹೊಡೆದರೂ ನಡೆಯುತ್ತೆ ಅಲ್ವಾ?

ಉತ್ತರ: ಇಲ್ಲ ಅಕ್ಕ. ಕೆಂಪು, ಹಳದಿ, ನೀಲಿ, ಹಸಿರು, ಈ ಬಣ್ಣಗಳು ಹೇಳುವುದು ಔಷಧ ಮೈಗೆ ಹೋದರೆ ಎಷ್ಟು ವಿಷ ಅನ್ನುವುದನ್ನು. ಕಾಯಿಯಲ್ಲಿ ಎಷ್ಟು ದಿನ ಉಳಿಯುತ್ತದೆ ಅನ್ನುವುದು ಬೇರೆ ಲೆಕ್ಕ. ಮೆಣಸಿನಕಾಯಿಯಲ್ಲಿ ಇನ್ನೊಂದು ತೊಂದರೆ. ಕಣದಲ್ಲಿ ಒಣಗುವಾಗ ನೀರು ಹೋಗುತ್ತದೆ, ಔಷಧದ ಬಹುಪಾಲು ಉಳಿಯುತ್ತದೆ. ನಾಲ್ಕು ಕಿಲೋ ಹಣ್ಣುಗಾಯಿ ಒಂದು ಕಿಲೋ ಆದರೆ, ಉಳಿದದ್ದೆಲ್ಲ ಆ ಒಂದು ಕಿಲೋದಲ್ಲೇ ಸೇರಿರುತ್ತದೆ. ಮಿತಿ ಮೀರಿದರೆ ಹೊರದೇಶದವರು ಮಾಲು ವಾಪಸ್ ಕಳಿಸುತ್ತಾರೆ. ಡಬ್ಬಿ ಜೊತೆ ಮಡಚಿದ ಚೀಟಿ ಬರುತ್ತದಲ್ಲ, ಅದರಲ್ಲಿ ಎಷ್ಟು ದಿನ ಕಾಯಬೇಕು ಅಂತ ಬರೆದಿರುತ್ತದೆ. ಸುಮ್ನೆ ಬಿಸಾಡಬೇಡಿ.

ಪ್ರಶ್ನೆ (ಸಿಂಧನೂರಿನ ರೈತ): ಮನೆಯಲ್ಲಿ ಹಳೆಯ ಫೋರೇಟ್ ಅರ್ಧ ಚೀಲ ಇದೆ ಮೇಡಂ. ಕಾಲುವೆಗೆ ಸುರಿದುಬಿಡಲಾ?

ಉತ್ತರ: ಬೇಡ ಅಣ್ಣ, ದಯವಿಟ್ಟು ಬೇಡ! ಮುಂದಿನ ಊರಿನವರು ಅದೇ ಕಾಲುವೆ ನೀರನ್ನು ಕೆರೆಗೆ ತುಂಬಿಸಿಕೊಂಡು ಕುಡಿಯುತ್ತಾರೆ. ಅದೇ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ. ನಾಳೆಯೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿ. ಆ ಅಂಗಡಿಯ ವಿಷಯವನ್ನೂ ಅಲ್ಲೇ ತಿಳಿಸಿ. ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಕೀಟನಾಶಕ ಪರಿವೀಕ್ಷಕರಿಗೆ ಇದೆ.