ಬಯಾಪ್ಸಿ ತುಂಡಿನಿಂದ ಔಷಧಿ ಆಯ್ಕೆಯವರೆಗೆ: ಕ್ಯಾನ್ಸರ್ ಜೀನ್ ಪರೀಕ್ಷೆಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ಅಪ್ಪನಿಗೆ 64 ವರ್ಷ. ಶ್ವಾಸಕೋಶದ ಅಡಿನೊಕಾರ್ಸಿನೋಮ, ನಾಲ್ಕನೇ ಹಂತ ಅಂತ ಬಯಾಪ್ಸಿಯಲ್ಲಿ ಬಂದಿದೆ. ಜೀನ್ ಪರೀಕ್ಷೆಗೆ ಇನ್ನೂ ಎರಡು ವಾರ ಬೇಕಂತೆ. ಪಿಡಿ-ಎಲ್1 (ಇಮ್ಯುನೋಥೆರಪಿ ಕೆಲಸ ಮಾಡುತ್ತಾ ಅಂತ ಅಂದಾಜಿಸಲು ನೋಡುವ ಪ್ರೋಟೀನ್) ಮಾತ್ರ ಬಂದಿದೆ, 60%. ಅಷ್ಟರೊಳಗೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧಿ) ಶುರು ಮಾಡಿಬಿಡೋಣವಾ? ಸುಮ್ಮನೆ ಕೂರೋಕೆ ಭಯ ಆಗ್ತಿದೆ.

ಉತ್ತರ (ಆಂಕಾಲಜಿಸ್ಟ್): ನಿಮ್ಮ ಭಯ ಅರ್ಥವಾಗುತ್ತೆ. ಆದರೂ ಜೀನ್ ರಿಪೋರ್ಟ್ ಕೈಗೆ ಬರುವ ಮೊದಲು ಇಮ್ಯುನೋಥೆರಪಿ ಬೇಡ. ಕಾರಣ ಎರಡಿದೆ. ಇಜಿಎಫ್‌ಆರ್ ಮ್ಯುಟೇಶನ್ (ಜೀನಿನ ಬದಲಾವಣೆ) ಅಥವಾ ಎಎಲ್‌ಕೆ ಫ್ಯೂಷನ್ (ಎರಡು ಜೀನ್ ಬೆಸೆದುಕೊಳ್ಳುವುದು) ಇರುವ ಗಡ್ಡೆಗಳಲ್ಲಿ ಪಿಡಿ-ಎಲ್1 ಎಷ್ಟೇ ಹೆಚ್ಚಿದ್ದರೂ ಇಮ್ಯುನೋಥೆರಪಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಎರಡನೆಯದು ಅದಕ್ಕಿಂತ ಗಂಭೀರ. ಒಂದು ಡೋಸ್ ಕೊಟ್ಟರೂ ಆ ಔಷಧಿಯ ಪರಿಣಾಮ ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಆಮೇಲೆ ಇಜಿಎಫ್‌ಆರ್ ಪಾಸಿಟಿವ್ ಅಂತ ಗೊತ್ತಾಗಿ ಅದಕ್ಕಿರುವ ಮಾತ್ರೆ ಓಸಿಮರ್ಟಿನಿಬ್ ಶುರು ಮಾಡಿದರೆ ಶ್ವಾಸಕೋಶದಲ್ಲಿ ತೀವ್ರ ಉರಿಯೂತ ಆಗುವ ಅಪಾಯ ಹೆಚ್ಚು. ಮೊದಲ ಮೂರು ತಿಂಗಳಲ್ಲಿ ಆ ಅಪಾಯ ಅತಿ ಹೆಚ್ಚು. ಇದೇ ಕ್ರಮ ತಿರುವುಮುರುವಾದರೆ ಅಷ್ಟು ತೊಂದರೆ ಕಾಣಲ್ಲ.

ಉಸಿರಾಟದ ತೊಂದರೆ ಹೆಚ್ಚುತ್ತಿದ್ದು ಕಾಯಲು ಆಗದಿದ್ದರೆ ಇಮ್ಯುನೋಥೆರಪಿ ಬಿಟ್ಟು, ಪ್ಲಾಟಿನಮ್ ಮತ್ತು ಪೆಮೆಟ್ರೆಕ್ಸೆಡ್ ಕೀಮೋ ಒಂದು ಸೈಕಲ್ ಮಾತ್ರ ಕೊಟ್ಟು ರಿಪೋರ್ಟಿಗೆ ಕಾಯುವುದು ಸುರಕ್ಷಿತ ದಾರಿ. ಜೊತೆಗೆ ಇವತ್ತೇ ರಕ್ತದಿಂದ ಮಾಡುವ ಜೀನ್ ಪರೀಕ್ಷೆಗೂ ಕಳಿಸಬಹುದಾ ಅಂತ ನಿಮ್ಮ ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಅದರ ಫಲಿತಾಂಶ ಬಯಾಪ್ಸಿಯದ್ದಕ್ಕಿಂತ ಬೇಗ ಬರುತ್ತೆ.

ಕಾದರೆ ಸಿಗುವುದೇನು ಅಂತಲೂ ಹೇಳುತ್ತೇನೆ. ಫ್ಲಾರಾ ಅಧ್ಯಯನದಲ್ಲಿ ಇಜಿಎಫ್‌ಆರ್‌ನ ಎಕ್ಸಾನ್ 19 ಡಿಲೀಷನ್ ಅಥವಾ ಎಲ್858ಆರ್ (ಆ ಜೀನಿನ ಅತಿ ಸಾಮಾನ್ಯ ಬದಲಾವಣೆಗಳು) ಇದ್ದವರನ್ನು ಸೇರಿಸಿಕೊಂಡಿದ್ದರು. ಓಸಿಮರ್ಟಿನಿಬ್ ಮಾತ್ರೆ ತೆಗೆದುಕೊಂಡವರಲ್ಲಿ ಕಾಯಿಲೆ ಹತೋಟಿಯಲ್ಲಿದ್ದ ಮಧ್ಯಮ ಅವಧಿ 18.9 ತಿಂಗಳು, ಹಳೆಯ ಇಜಿಎಫ್‌ಆರ್ ಮಾತ್ರೆಗಳಲ್ಲಿ 10.2 ತಿಂಗಳು. ಎರಡು ವಾರದ ಕಾಯುವಿಕೆಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ.

ರಿಪೋರ್ಟ್ ಬಂದಾಗ ಅದರಲ್ಲಿ ಇಜಿಎಫ್‌ಆರ್, ಎಎಲ್‌ಕೆ, ಆರ್‌ಓಎಸ್1, ಬಿಆರ್‌ಎಎಫ್ ವಿ600ಇ, ಎಂಇಟಿ ಎಕ್ಸಾನ್ 14, ಆರ್‌ಇಟಿ, ಎನ್‌ಟಿಆರ್‌ಕೆ, ಕೆಆರ್‌ಎಎಸ್ ಜಿ12ಸಿ, ಹರ್2 ಈ ಜೀನ್ ಬದಲಾವಣೆಗಳೆಲ್ಲವನ್ನೂ ನೋಡಿದ್ದಾರಾ ಪರಿಶೀಲಿಸಿ. ಡಿಎನ್‌ಎ ಮಾತ್ರ ಓದುವ ಪ್ಯಾನೆಲ್‌ಗಳು ಕೆಲವು ಫ್ಯೂಷನ್‌ಗಳನ್ನು ತಪ್ಪಿಸಿಬಿಡುತ್ತವೆ. ಎಲ್ಲವೂ ನೆಗೆಟಿವ್ ಬಂದು, ಅದರಲ್ಲೂ ರೋಗಿ ಯಾವತ್ತೂ ಧೂಮಪಾನ ಮಾಡದವರಾಗಿದ್ದರೆ, ಫ್ಯೂಷನ್ ಹಿಡಿಯುವ ಆರ್‌ಎನ್‌ಎ ಪರೀಕ್ಷೆ ಆಗಿದೆಯಾ ಅಂತ ಕೇಳಲೇಬೇಕು.

ಪ್ರಶ್ನೆ: ನಮ್ಮದೂ ಇಂಥದ್ದೇ ಕೇಸು. ಆದರೆ ಲ್ಯಾಬಿನವರು ‘ಸ್ಯಾಂಪಲ್ ಸಾಲದು’ ಅಂತ ವಾಪಸ್ ಕಳಿಸಿದ್ದಾರೆ. ಮತ್ತೆ ಸೂಜಿ ಚುಚ್ಚಿಸಿಕೊಳ್ಳಲೇಬೇಕಾ?

ಉತ್ತರ (ಪೆಥಾಲಜಿಸ್ಟ್): ತಕ್ಷಣ ಒಪ್ಪಿಕೊಳ್ಳಬೇಡಿ. ‘ಸಾಲದು’ ಅನ್ನೋ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕಾರಣ ಇರುತ್ತೆ, ಒಂದೊಂದಕ್ಕೂ ಪರಿಹಾರ ಬೇರೆ. ಯಾವುದು ಅಂತ ಲ್ಯಾಬಿನಿಂದ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ.

ಮೊದಲನೆಯದು, ಬ್ಲಾಕಿನಲ್ಲಿದ್ದ (ಬಯಾಪ್ಸಿ ತುಂಡನ್ನು ಹುದುಗಿಸಿದ ಮೇಣದ ಗಟ್ಟಿ) ಅಂಗಾಂಶವೇ ಮುಗಿದುಹೋಗಿರುವುದು. ಸೂಜಿ ಬಯಾಪ್ಸಿಯ ಎಳೆ ಒಂದು ಮಿಲಿಮೀಟರಿಗಿಂತ ತೆಳ್ಳಗಿರುತ್ತೆ. ಬ್ಲಾಕನ್ನು ಪ್ರತಿ ಸಲ ಮೈಕ್ರೋಟೋಮಿಗೆ (ತೆಳು ಪದರ ಕತ್ತರಿಸುವ ಯಂತ್ರ) ಏರಿಸಿದಾಗ ಮೇಲ್ಮೈ ಸಮ ಮಾಡಲು ಒಂದಿಷ್ಟು ಪದರ ಕತ್ತರಿಸಿ ಬಿಸಾಡಬೇಕಾಗುತ್ತೆ. ಇವತ್ತು ಒಂದು ಸ್ಟೇನ್ (ಬಣ್ಣ ಹಾಕಿ ನೋಡುವ ಪರೀಕ್ಷೆ), ನಾಳೆ ಇನ್ನೊಂದು ಅಂತ ನಾಲ್ಕು ಸಲ ಏರಿಸಿದರೆ ಆ ಕಸದಲ್ಲೇ ಅರ್ಧ ಅಂಗಾಂಶ ಹೋಗಬಹುದು. ಮೊದಲ ಸಲ ಕತ್ತರಿಸುವಾಗಲೇ 4–5 ಮೈಕ್ರಾನಿನ ಹತ್ತು ಹದಿನೈದು ಬಣ್ಣ ಹಾಕದ ಸ್ಲೈಡ್‌ಗಳನ್ನು ಜೀನ್ ಪರೀಕ್ಷೆಗೆಂದೇ ಎತ್ತಿಡಬೇಕು. ಕಾಯಿಲೆಯ ಬಗೆ ಗುರುತಿಸಲು ಟಿಟಿಎಫ್-1 ಮತ್ತು ಪಿ40, ಇವೆರಡು ಸ್ಟೇನ್ ಬಹುಪಾಲು ಸಾಕು. ಎಂಟು ಹತ್ತು ಸ್ಟೇನ್ ಹಾಕಿ ಅಂಗಾಂಶ ಖಾಲಿ ಮಾಡುವುದು ರೋಗಿಗೆ ಮಾಡುವ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಎರಡನೆಯದು, ಅಂಗಾಂಶ ಇದೆ, ಅದರಲ್ಲಿ ಕ್ಯಾನ್ಸರ್ ಕೋಶಗಳು ಕಡಿಮೆ. ಬಹಳಷ್ಟು ಲ್ಯಾಬ್‌ಗಳು ಕನಿಷ್ಠ 20% ಕೇಳುತ್ತವೆ. ಲೆಕ್ಕ ಸುಲಭ. ಮ್ಯುಟೇಶನ್ ಸಾಮಾನ್ಯವಾಗಿ ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ಇರುತ್ತೆ. 20% ಕ್ಯಾನ್ಸರ್ ಕೋಶ ಇದ್ದರೆ ಆ ಮ್ಯುಟೇಶನ್ ಒಟ್ಟು ಡಿಎನ್‌ಎಯಲ್ಲಿ ಸುಮಾರು 10% ಕಾಣುತ್ತೆ. ಕೋಶಗಳು ಬರೀ 5% ಇದ್ದರೆ ಕಾಣುವುದು 2.5%. ಯಂತ್ರದ ಪತ್ತೆ ಮಿತಿ 5% ಆಗಿದ್ದರೆ ಮ್ಯುಟೇಶನ್ ಇದ್ದರೂ ‘ನೆಗೆಟಿವ್’ ಅಂತಲೇ ಬರುತ್ತೆ. ಇಂಥ ಕಡೆ ಪೆಥಾಲಜಿಸ್ಟ್ ಬಣ್ಣ ಹಾಕಿದ ಸ್ಲೈಡಿನ ಮೇಲೆ ಕ್ಯಾನ್ಸರ್ ದಟ್ಟವಾಗಿರುವ ಜಾಗಕ್ಕೆ ಪೆನ್ನಿನಿಂದ ಸುತ್ತು ಹಾಕಿಕೊಟ್ಟರೆ, ಬಣ್ಣ ಹಾಕದ ಸ್ಲೈಡಿನಲ್ಲಿ ಅಷ್ಟೇ ಭಾಗವನ್ನು ಕೆರೆದು ಡಿಎನ್‌ಎ ತೆಗೆಯಬಹುದು. 8% ಇದ್ದದ್ದು ಹೀಗೆ ಮಾಡಿದರೆ 30% ದಾಟುವುದೂ ಉಂಟು.

ಮೂರನೆಯದು, ಡಿಎನ್‌ಎ ಕೆಟ್ಟಿರುವುದು. ಇದಕ್ಕೆ ಮತ್ತೆ ಬಯಾಪ್ಸಿಯೋ ರಕ್ತ ಪರೀಕ್ಷೆಯೋ ಬೇಕಾಗುತ್ತೆ. ಹಾಗೆ ಮಾಡುವ ಮೊದಲು ವಿಚಾರಿಸಿ: ಬಯಾಪ್ಸಿಯಲ್ಲಿ ಇನ್ನೊಂದು ಬ್ಲಾಕ್ ಇದೆಯಾ? ಎದೆಯಿಂದ ನೀರು ತೆಗೆದಿದ್ದರೆ ಅದರ ಸೆಲ್ ಬ್ಲಾಕ್ (ಆ ನೀರಿನ ಕೋಶಗಳಿಂದ ಮಾಡಿದ ಬ್ಲಾಕ್) ಇದೆಯಾ? ಅದರಲ್ಲೂ ಪರೀಕ್ಷೆ ಮಾಡಬಹುದು.

ಮರುಪ್ರಶ್ನೆ: ಮೇಡಂ, ನಾನು ಲ್ಯಾಬ್ ಟೆಕ್ನಿಷಿಯನ್. ಡಿಎನ್‌ಎ ಕೆಡೋದು ಯಾವ ಹಂತದಲ್ಲಿ? ನಾವು ಏನು ಸರಿ ಮಾಡಿಕೊಳ್ಳಬೇಕು?

ಉತ್ತರ (ಪೆಥಾಲಜಿಸ್ಟ್): ಹೆಚ್ಚಾಗಿ ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡುವ ದ್ರವ) ಡಬ್ಬಿಯಲ್ಲೇ. 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ಇರಬೇಕು. ಬಫರ್ ಇಲ್ಲದೆ ಬರೀ ನೀರು ಬೆರೆಸಿದ್ದು ಬರಬರುತ್ತಾ ಆಮ್ಲೀಯವಾಗಿ ಡಿಎನ್‌ಎಯನ್ನು ತುಂಡು ಮಾಡುತ್ತೆ. ದ್ರವ ಅಂಗಾಂಶದ ಹತ್ತು ಪಟ್ಟಾದರೂ ಇರಲಿ. ದೇಹದಿಂದ ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು. ಸ್ತನ ಕ್ಯಾನ್ಸರಿನ ಹರ್2, ಇಆರ್ (ಈಸ್ಟ್ರೊಜೆನ್ ಗ್ರಾಹಕ) ಪರೀಕ್ಷೆಗೆ ಫಾರ್ಮಲಿನ್‌ನಲ್ಲಿಡಲು ನಿಗದಿಯಾಗಿರುವ ಅವಧಿ 6ರಿಂದ 72 ಗಂಟೆ, ಜೀನ್ ಪರೀಕ್ಷೆಗೂ ಅದನ್ನೇ ಪಾಲಿಸುವುದು ಒಳ್ಳೆಯದು. ಶುಕ್ರವಾರ ಸಂಜೆ 5ಕ್ಕೆ ಬಂದ ಸ್ಯಾಂಪಲ್ ಸೋಮವಾರ ಸಂಜೆ 5ರವರೆಗೆ ಡಬ್ಬಿಯಲ್ಲೇ ಇದ್ದರೆ 72 ಗಂಟೆ ಅಲ್ಲಿಗೆ ಮುಗಿಯಿತು. ವಾರಾಂತ್ಯದ ಪ್ರೊಸೆಸರ್ ಟೈಮಿಂಗ್ ಹಾಗೆ ಹೊಂದಿಸಿಕೊಳ್ಳಿ.

ಅತಿಯಾಗಿ ನೆನೆದ ಅಂಗಾಂಶದಲ್ಲಿ ಡಿಎನ್‌ಎಯ ಒಂದು ಅಕ್ಷರವಾದ ಸೈಟೋಸಿನ್ ಬದಲಾಗಿ, ‘ಸಿ’ ಇದ್ದಲ್ಲಿ ‘ಟಿ’ ಓದಿಬರುವ ಸುಳ್ಳು ಮ್ಯುಟೇಶನ್‌ಗಳೂ ಕಾಣಿಸಿಕೊಳ್ಳುತ್ತವೆ. ದೊಡ್ಡ ಸ್ಪೆಸಿಮನ್ ಆದರೆ 5–10 ಮಿ.ಮೀ.ಗೊಂದು ಸೀಳು ಹಾಕದೆ ಹಾಗೇ ಮುಳುಗಿಸಬೇಡಿ, ಹೊರಗೆ ಗಟ್ಟಿಯಾಗಿ ಒಳಗೆ ಕೊಳೆಯುತ್ತೆ. ಮೂಳೆ ಬಯಾಪ್ಸಿ ಬಂದರೆ ಆಮ್ಲದಲ್ಲಿ ಹಾಕಿ ಮೆತ್ತಗೆ ಮಾಡಲೇಬೇಡಿ, ಇಡಿಟಿಎ ಬಳಸಿ. ನಿಧಾನ ಆಗುತ್ತೆ, ಆದರೆ ಡಿಎನ್‌ಎ ಉಳಿಯುತ್ತೆ. ಮತ್ತೆ ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ ಎರಡನ್ನೂ ಫಾರ್ಮಿನಲ್ಲಿ ಬರೆಯಿರಿ.

ಪ್ರಶ್ನೆ: ರಕ್ತದಲ್ಲೇ ಎಲ್ಲಾ ಗೊತ್ತಾಗುತ್ತೆ ಅಂದಮೇಲೆ ಬಯಾಪ್ಸಿ ಯಾಕೆ ಬೇಕು ಸರ್?

ಉತ್ತರ (ಆಂಕಾಲಜಿಸ್ಟ್): ಎಲ್ಲಾ ಗೊತ್ತಾಗಲ್ಲ. ಅದು ಯಾವ ಬಗೆಯ ಕ್ಯಾನ್ಸರ್ ಅಂತ ಕಣ್ಣಾರೆ ನೋಡಿ ಹೇಳುವುದು ಅಂಗಾಂಶವೇ. ರಕ್ತದ ಪರೀಕ್ಷೆಯಲ್ಲಿ ಗಡ್ಡೆಯಿಂದ ಉದುರಿದ ಡಿಎನ್‌ಎ ಚೂರುಗಳನ್ನು ಹುಡುಕುತ್ತಾರೆ. ಎಲ್ಲ ಗಡ್ಡೆಗಳೂ ಒಂದೇ ಪ್ರಮಾಣದಲ್ಲಿ ಉದುರಿಸಲ್ಲ. ಕಾಯಿಲೆ ಮಿದುಳಿನಲ್ಲಿ ಮಾತ್ರ ಇದ್ದರೆ ಅಥವಾ ಗಡ್ಡೆ ಚಿಕ್ಕದಿದ್ದರೆ ರಕ್ತದಲ್ಲಿ ಏನೂ ಸಿಗದಿರಬಹುದು. ಹಾಗಾಗಿ ಎಕ್ಸಾನ್ 19 ಡಿಲೀಷನ್ ‘ಇದೆ’ ಅಂತ ಬಂದರೆ ಔಷಧಿ ಶುರು ಮಾಡಬಹುದು, ‘ಇಲ್ಲ’ ಅಂತ ಬಂದರೆ ಅಂಗಾಂಶದ ಪರೀಕ್ಷೆಗೆ ಕಾಯಬೇಕು.

ಇನ್ನೊಂದು ತೊಡಕಿದೆ. ವಯಸ್ಸಾದಂತೆ ನಮ್ಮ ಬಿಳಿ ರಕ್ತಕಣಗಳಲ್ಲೇ ಮ್ಯುಟೇಶನ್‌ಗಳು ಸೇರಿಕೊಳ್ಳುತ್ತವೆ. ಡಿಎನ್‌ಎಂಟಿ3ಎ, ಟಿಇಟಿ2 ಜೀನ್‌ಗಳದ್ದು ಅದರಲ್ಲಿ ಸಾಮಾನ್ಯ. ಟಿಪಿ53, ಎಟಿಎಂ, ಚೆಕ್2 ಕೂಡ ಬರಬಹುದು. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ರಕ್ತದ ರಿಪೋರ್ಟಿನಲ್ಲಿ ಕಂಡ ಎಟಿಎಂ ಗಡ್ಡೆಯದ್ದೇ ಅಂದುಕೊಂಡು ಪಾರ್ಪ್ ತಡೆ ಔಷಧಿ (ಡಿಎನ್‌ಎ ದುರಸ್ತಿ ತಡೆದು ಕ್ಯಾನ್ಸರ್ ಕೋಶ ಕೊಲ್ಲುವಂಥದ್ದು) ಕೊಟ್ಟರೆ, ಅದು ರಕ್ತಕಣದ್ದಾಗಿದ್ದಲ್ಲಿ ಉಪಯೋಗವಿಲ್ಲದೆ ರಕ್ತಹೀನತೆ ಮಾತ್ರ ಉಳಿಯುತ್ತೆ. ಬಿಳಿ ಕಣಗಳ ಡಿಎನ್‌ಎಯನ್ನೂ ಓದಿ ಹೋಲಿಸಿದರೆ ಇದು ಬೇರ್ಪಡುತ್ತೆ.

ಸೇರಿಸುವ ಮಾತು (ಪೆಥಾಲಜಿಸ್ಟ್): ರಕ್ತ ತೆಗೆಯುವಾಗಿನ ಎಚ್ಚರಿಕೆ ಇದು. ಕೋಶಗಳು ಒಡೆಯದಂತೆ ಕಾಯುವ ವಿಶೇಷ ಟ್ಯೂಬ್ ಬಳಸಿದರೆ 10 ಮಿ.ಲೀ.ನ ಎರಡು ಟ್ಯೂಬ್ ತುಂಬಿಸಿ, ನಿಧಾನವಾಗಿ 8–10 ಸಲ ಮೇಲೆ ಕೆಳಗೆ ಮಾಡಿ, ಫ್ರಿಜ್ಜಿಗೆ ಇಡದೆ ಕೋಣೆಯ ಉಷ್ಣತೆಯಲ್ಲೇ ಕಳಿಸಿ. ಮಾಮೂಲಿ ಇಡಿಟಿಎ ಟ್ಯೂಬ್ ಆದರೆ ಎರಡರಿಂದ ನಾಲ್ಕು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು: ಮೊದಲು ಸೆಂಟ್ರಿಫ್ಯೂಜಿನಲ್ಲಿ 1,600 ಜಿ ಬಲದಲ್ಲಿ 10 ನಿಮಿಷ, ಮೇಲಿನ ದ್ರವವನ್ನು ತೆಗೆದು ಮತ್ತೆ 16,000 ಜಿಯಲ್ಲಿ 10 ನಿಮಿಷ. ತಡವಾದರೆ ಬಿಳಿ ಕಣಗಳು ಒಡೆದು ಅವುಗಳ ಡಿಎನ್‌ಎ ತುಂಬಿಕೊಂಡು, ಗಡ್ಡೆಯದ್ದು ಅದರಲ್ಲಿ ಕಳೆದುಹೋಗುತ್ತೆ. ಹೆಪ್ಪುಗಟ್ಟಿಸಿ ತೆಗೆದ ಸೀರಂ ಬೇಡ, ಕಾರಣ ಇದೇ.

ಪ್ರಶ್ನೆ: ಅಮ್ಮನ ಸ್ತನ ಕ್ಯಾನ್ಸರ್ ರಿಪೋರ್ಟಿನಲ್ಲಿ ಮೂರು ವರ್ಷದ ಹಿಂದೆ ‘ಹರ್2 ನೆಗೆಟಿವ್, 1+’ ಅಂತಿತ್ತು. ಈಗ ಯಕೃತ್ತಿಗೆ ಹರಡಿದೆ. ಡಾಕ್ಟ್ರು ಹರ್2 ಔಷಧಿ ಬಗ್ಗೆ ಮಾತಾಡ್ತಿದ್ದಾರೆ. ನೆಗೆಟಿವ್ ಇದ್ದರೂ ಯಾಕೆ?

ಉತ್ತರ (ಆಂಕಾಲಜಿಸ್ಟ್): ನಿಮ್ಮ ಡಾಕ್ಟ್ರು ಸರಿಯಾದ ದಾರಿಯಲ್ಲೇ ಇದ್ದಾರೆ. ಹಿಂದೆಲ್ಲ ಹರ್2 ಪ್ರೋಟೀನಿನ ಸ್ಟೇನ್ 3+ (0ಯಿಂದ 3+ ಅಳತೆಯಲ್ಲಿ ಅತಿ ಹೆಚ್ಚು) ಇದ್ದವರಿಗೆ, ಅಥವಾ 2+ ಇದ್ದು ಫಿಶ್ (ಹರ್2 ಜೀನಿನ ಪ್ರತಿಗಳನ್ನು ಎಣಿಸುವ ಪರೀಕ್ಷೆ) ಪಾಸಿಟಿವ್ ಆದವರಿಗೆ ಮಾತ್ರ ಹರ್2 ಔಷಧಿ. ಉಳಿದವರೆಲ್ಲ ನೆಗೆಟಿವ್ ಗುಂಪು. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಬಂದಮೇಲೆ ಆ ಗೆರೆ ಸರಿಯಿತು. ಇದು ಹರ್2ಗೆ ಅಂಟುವ ಪ್ರತಿಕಾಯಕ್ಕೆ ಕೀಮೋ ಔಷಧಿ ಜೋಡಿಸಿದ ಸಂಯುಕ್ತ. ಅಂಟಿದ ಕೋಶದೊಳಗೆ ಹೋಗಿ ಕೀಮೋ ಬಿಡುಗಡೆಯಾಗುತ್ತೆ, ಪಕ್ಕದ ಕೋಶಗಳಿಗೂ ಹರಡುತ್ತೆ. ಹಾಗಾಗಿ ಹರ್2 ಸ್ವಲ್ಪ ಇದ್ದರೂ ಸಾಕು. 2022ರಲ್ಲಿ ಪ್ರಕಟವಾದ ಡೆಸ್ಟಿನಿ-ಬ್ರೆಸ್ಟ್04 ಅಧ್ಯಯನದಲ್ಲಿ 1+, ಅಥವಾ 2+ ಮತ್ತು ಫಿಶ್ ನೆಗೆಟಿವ್ ಇದ್ದವರಲ್ಲಿ ಈ ಔಷಧಿಯಿಂದ ಕಾಯಿಲೆ ಹತೋಟಿಯಲ್ಲಿದ್ದ ಅವಧಿ 9.9 ತಿಂಗಳು, ಮಾಮೂಲಿ ಕೀಮೋದಲ್ಲಿ 5.1. ಬದುಕಿನ ಮಧ್ಯಮ ಅವಧಿ 23.4 ತಿಂಗಳು, ಹೋಲಿಕೆಯ ಗುಂಪಿನಲ್ಲಿ 16.8.

ಎಚ್ಚರ ಬೇಕಾದ್ದು ಶ್ವಾಸಕೋಶದ ಬಗ್ಗೆ. ಅದೇ ಅಧ್ಯಯನದಲ್ಲಿ ಸುಮಾರು 12% ಜನರಿಗೆ ಔಷಧಿಯಿಂದ ಶ್ವಾಸಕೋಶದ ಉರಿಯೂತ ಬಂದಿತ್ತು, ಕೆಲವರಿಗೆ ಪ್ರಾಣಕ್ಕೇ ಅಪಾಯವಾಯಿತು. ಹೊಸದಾಗಿ ಒಣಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು, ಜ್ವರ ಕಂಡರೆ ಮುಂದಿನ ಡೋಸಿನ ದಿನದವರೆಗೆ ಕಾಯಬೇಡಿ. ಅಂದೇ ಫೋನ್ ಮಾಡಿ, ಸಿಟಿ ಮಾಡಿಸಿ. ಸ್ಕ್ಯಾನಿನಲ್ಲಿ ಕಂಡರೆ ಲಕ್ಷಣ ಇಲ್ಲದಿದ್ದರೂ ಔಷಧಿ ನಿಲ್ಲಿಸುತ್ತಾರೆ.

ಪ್ರಶ್ನೆ: ಬಿಆರ್‌ಸಿಎ2 ಜೀನಿನಲ್ಲಿ (ಕೆಟ್ಟರೆ ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಜೀನ್) ‘ವಿಯುಎಸ್’ ಅಂತ ಬಂದಿದೆ. ತಂಗಿಗೂ ಪರೀಕ್ಷೆ ಮಾಡಿಸಬೇಕಾ? ಆಪರೇಷನ್ ಬೇಕಾ?

ಉತ್ತರ (ಪೆಥಾಲಜಿಸ್ಟ್): ಎರಡಕ್ಕೂ ಆ ರಿಪೋರ್ಟ್ ಒಂದೇ ಕಾರಣ ಆಗಬಾರದು. ಆ ಬದಲಾವಣೆ ಹಾನಿಕರವೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ ಅಂತ ಅದರರ್ಥ. ಅದರ ಮೇಲೆ ಅಂಡಾಶಯ ತೆಗೆಸುವುದು, ಓಲಾಪರಿಬ್ (ಪಾರ್ಪ್ ತಡೆ ಔಷಧಿ) ಶುರು ಮಾಡುವುದು ಎರಡೂ ತಪ್ಪು. ಕುಟುಂಬದಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ ಕ್ಯಾನ್ಸರ್ ಬಂತು ಅನ್ನುವುದರ ಮೇಲೆ ತಂಗಿಯ ತಪಾಸಣೆ ನಿರ್ಧಾರವಾಗಲಿ. ವರ್ಷಕ್ಕೊಮ್ಮೆ ಲ್ಯಾಬಿಗೆ ‘ವರ್ಗ ಬದಲಾಗಿದೆಯಾ’ ಅಂತ ಕೇಳಿ. ಬದಲಾದವುಗಳಲ್ಲಿ ಹೆಚ್ಚಿನವು ನಿರಪಾಯ ಅಂತಲೇ ಆಗುತ್ತವೆ.

ಪ್ರಶ್ನೆ: ಎರಡನೇ ಹಂತದ ಕರುಳಿನ ಕ್ಯಾನ್ಸರ್, ಆಪರೇಷನ್ ಆಗಿ ಮೂರು ವಾರ. ಕೀಮೋ ಬೇಕೋ ಬೇಡವೋ ಅಂತ ರಕ್ತ ಪರೀಕ್ಷೆಯಿಂದ ಹೇಳಬಹುದಂತೆ, ನಿಜವಾ? ಬೇಕಾದರೆ ಕೆಪೆಸಿಟಬಿನ್ ಅನ್ನೋ ಕೀಮೋ ಮಾತ್ರೆ ಕೊಡ್ತಾರಂತೆ.

ಉತ್ತರ (ಆಂಕಾಲಜಿಸ್ಟ್): ನಿಜ. ಆಸ್ಟ್ರೇಲಿಯಾದ ಡೈನಾಮಿಕ್ ಅಧ್ಯಯನ 2022ರಲ್ಲಿ ಇದನ್ನೇ ತೋರಿಸಿತು. ಆಪರೇಷನ್ ಆಗಿ 4 ಮತ್ತು 7ನೇ ವಾರದಲ್ಲಿ ರಕ್ತ ತೆಗೆದು, ಗಡ್ಡೆಯ ಡಿಎನ್‌ಎ ಉಳಿದಿದ್ದವರಿಗೆ ಮಾತ್ರ ಕೀಮೋ ಕೊಟ್ಟರು. ಕೀಮೋ ಪಡೆದವರ ಪ್ರಮಾಣ 28%ರಿಂದ 15%ಕ್ಕೆ ಇಳಿಯಿತು. ಎರಡು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಇದ್ದವರು 93.5%, ಮಾಮೂಲಿ ಗುಂಪಿನಲ್ಲಿ 92.4%. ಬೇಗ ರಕ್ತ ತೆಗೆಯುವ ಆತುರ ಬೇಡ. ಆಪರೇಷನ್ ಗಾಯದಿಂದ ಬರುವ ಸಾಮಾನ್ಯ ಡಿಎನ್‌ಎ ಮೊದಲ ವಾರಗಳಲ್ಲಿ ಹೆಚ್ಚಿರುವುದರಿಂದ ಗಡ್ಡೆಯದ್ದು ಮುಚ್ಚಿಹೋಗಬಹುದು. ಗಡ್ಡೆ ಕರುಳಿನ ಗೋಡೆ ದಾಟಿ ಪಕ್ಕದ ಅಂಗಕ್ಕೆ ಹಬ್ಬಿದ್ದರೆ ಅಥವಾ ಕರುಳು ತೂತಾಗಿದ್ದರೆ ಬರೀ ರಕ್ತದ ನೆಗೆಟಿವ್ ನಂಬಿ ಕೀಮೋ ಬಿಡಲು ನಾನು ಹಿಂಜರಿಯುತ್ತೇನೆ. ಜೊತೆಗೆ ಎಂಎಂಆರ್ (ಡಿಎನ್‌ಎ ತಪ್ಪು ತಿದ್ದುವ ಪ್ರೋಟೀನ್) ಸ್ಟೇನ್ ಆಗಿದೆಯಾ ನೋಡಿ. ಆ ಪ್ರೋಟೀನ್ ಕಾಣೆಯಾಗಿರುವ ಎರಡನೇ ಹಂತದ ಗಡ್ಡೆಗಳಲ್ಲಿ ಕೆಪೆಸಿಟಬಿನ್ ಒಂದನ್ನೇ ಕೊಟ್ಟು ಪ್ರಯೋಜನ ಕಂಡಿಲ್ಲ.

ಮಾತ್ರೆ ಶುರು ಮಾಡುವುದಾದರೆ ಮೊದಲು ಡಿಪಿವೈಡಿ ಜೀನ್ ಪರೀಕ್ಷೆ ಮಾಡಿಸಿ. ಕೆಪೆಸಿಟಬಿನ್ ದೇಹದಲ್ಲಿ 5-ಎಫ್‌ಯು ಅನ್ನುವ ಕೀಮೋ ಔಷಧಿ ಆಗುತ್ತೆ, ಅದರ 80%ಕ್ಕಿಂತ ಹೆಚ್ಚು ಭಾಗವನ್ನು ಈ ಜೀನ್ ಮಾಡಿಸುವ ಡಿಪಿಡಿ ಅನ್ನುವ ಕಿಣ್ವ ಒಡೆಯುತ್ತೆ. ಕಿಣ್ವ ಕಡಿಮೆ ಇರುವವರಿಗೆ ಮಾಮೂಲಿ ಡೋಸೇ ವಿಷ. ಯೂರೋಪಿನ ಔಷಧ ಸಂಸ್ಥೆ 2020ರಲ್ಲೇ ಮೊದಲು ಪರೀಕ್ಷಿಸಲು ಶಿಫಾರಸು ಮಾಡಿದೆ. ಜೀನಿನ ಒಂದು ಪ್ರತಿ ಸ್ವಲ್ಪವೂ ಕೆಲಸ ಮಾಡದಿದ್ದರೆ ಅರ್ಧ ಡೋಸಿನಿಂದ ಶುರು, ಎರಡೂ ಮಾಡದಿದ್ದರೆ ಈ ಔಷಧಿಯೇ ಬೇಡ. ಆದರೆ ಸಾಮಾನ್ಯವಾಗಿ ನೋಡುವ ನಾಲ್ಕು ಬದಲಾವಣೆಗಳನ್ನು ಗುರುತಿಸಿದ್ದು ಮುಖ್ಯವಾಗಿ ಯೂರೋಪಿಯನ್ ಮೂಲದವರಲ್ಲಿ. ಬೇರೆ ಮೂಲದವರಿಗೆ ನೆಗೆಟಿವ್ ಬಂದರೂ ಪೂರ್ತಿ ಭರವಸೆ ಇಲ್ಲ. ಮೊದಲ ಸೈಕಲ್ಲಿನಲ್ಲೇ ಬಾಯಿ ತುಂಬಾ ಹುಣ್ಣು, ದಿನಕ್ಕೆ ಮಾಮೂಲಿಗಿಂತ ನಾಲ್ಕಕ್ಕಿಂತ ಹೆಚ್ಚು ಸಲ ಭೇದಿ, ಅಥವಾ ಜ್ವರ ಬಂದರೆ ಮಾತ್ರೆ ಅಲ್ಲಿಗೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ ಕೊನೆಯ ಮಾತ್ರೆ ಯಾವಾಗ ತಗೊಂಡಿರಿ ಅಂತ ಗಂಟೆ ಸಮೇತ ಹೇಳಿ. ಇದಕ್ಕಿರುವ ಪ್ರತಿವಿಷ ಯುರಿಡೀನ್ ಟ್ರೈಅಸಿಟೇಟ್, ಅದನ್ನು ಕೊನೆಯ ಡೋಸಿನಿಂದ 96 ಗಂಟೆಯೊಳಗೆ ಕೊಡಬೇಕು.