ಆರು ಭಾಷಣದಲ್ಲಿ ನಾಲ್ಕು ತೆಗೆದುಬಿಡು

ತಮ್ಮಾ, ನಿನ್ನೆ ನೀನು ಗ್ರೂಪಿಗೆ ಹಾಕಿದ ಪಟ್ಟಿ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಮಾತಿನಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಉಳಿದವರು ಬೈಕೊಳ್ಳಬೇಡಿ.

ರೈತರ ದಿನ ಮಾಡುತ್ತಿದ್ದೀರಿ, ನೂರು ಜನ ಬರುತ್ತಾರೆ. ಆರು ತಜ್ಞರು, ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ. ಕೊನೆಗೆ ಹತ್ತು ನಿಮಿಷ ‘ರೈತರೊಂದಿಗೆ ಸಂವಾದ’. ಇನ್ನೇನಾದರೂ ಸೇರಿಸಬೇಕಾ ಅಂತ ಕೇಳಿದ್ದೀಯ. ಸೇರಿಸುವುದು ಏನೂ ಇಲ್ಲ. ಆರರಲ್ಲಿ ನಾಲ್ಕು ಭಾಷಣ ತೆಗೆದುಬಿಡು. ಆ ಹತ್ತು ನಿಮಿಷ ಇದೆಯಲ್ಲ, ಅದನ್ನೇ ಹಿಗ್ಗಿಸು.

ಸುಮ್ನೆ ಹೇಳುತ್ತಿಲ್ಲ. ಇಂಡೋನೇಷ್ಯಾದ ಕಥೆ ಕೇಳು. 1970, 80ರ ದಶಕಗಳಲ್ಲಿ ಅಲ್ಲಿನ ಭತ್ತಕ್ಕೆ ಕಂದು ಜಿಗಿಹುಳು ಮತ್ತೆ ಮತ್ತೆ ಬಿತ್ತು. ಔಷಧಿ ಹೊಡೆದಷ್ಟೂ ಹುಳು ಜಾಸ್ತಿ. ಯಾಕೆ ಅಂದರೆ, ಔಷಧಿಗೆ ಹುಳು ತಿನ್ನುವ ಜೇಡಗಳೂ ಸಾಯುತ್ತಿದ್ದವು. ಜಿಗಿಹುಳುವಿನ ಮೊಟ್ಟೆ ಮಾತ್ರ ಪೈರಿನ ಒಳಗೆ ಭದ್ರವಾಗಿ ಉಳಿಯುತ್ತಿತ್ತು. ಮರಿ ಹೊರಗೆ ಬಂದಾಗ ತಿನ್ನುವವರೇ ಇಲ್ಲ! 1986ರಲ್ಲಿ ಸರ್ಕಾರ ಭತ್ತಕ್ಕೆ ಹೊಡೆಯುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. ಆದೇಶ ಏನೋ ಬಂತು, ಆದರೆ ಗದ್ದೆಯಲ್ಲಿ ಹುಳು ಕಂಡ ರೈತನ ಕೈ ಸುಮ್ಮನಿರುತ್ತದಾ?

ಅದಕ್ಕೇ 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಜಾವಾದಲ್ಲಿ ರೈತ ಕ್ಷೇತ್ರ ಪಾಠಶಾಲೆ ಶುರುವಾಯಿತು. ಇಪ್ಪತ್ತೈದು ಜನರ ಒಂದು ಗುಂಪು. ವಾರಕ್ಕೊಂದು ಬೆಳಿಗ್ಗೆ, ನಾಟಿಯಿಂದ ಕೊಯ್ಲಿನವರೆಗೆ. ಐದೈದು ಜನ ಗದ್ದೆಗೆ ಇಳಿದು ಬುಡ ಬಿಡಿಸಿ ನೋಡುತ್ತಿದ್ದರು. ತೆಂಡೆ, ಅಂದರೆ ಬುಡದಿಂದ ಒಡೆದ ಕವಲು ಎಷ್ಟು, ಹುಳು ಎಷ್ಟು, ಜೇಡ ಎಷ್ಟು. ಬಂದು ದೊಡ್ಡ ಹಾಳೆಯ ಮೇಲೆ ಚಿತ್ರ ಬಿಡಿಸಬೇಕು. ನಡುವೆ ಪೈರು, ಒಂದು ಪಕ್ಕ ಕಾಡುವ ಹುಳು, ಇನ್ನೊಂದು ಪಕ್ಕ ಮಿತ್ರಕೀಟ. ಬಿಸಿಲೋ ಮೋಡವೋ ಅದು ಮೇಲೆ. ಆಮೇಲೆ ಎಲ್ಲರ ಮುಂದೆ ನಿಂತು, ಈ ವಾರ ಔಷಧಿ ಬೇಕಾ ಬೇಡವಾ, ಯಾಕೆ ಅಂತ ಹೇಳಬೇಕು. ಉಳಿದವರು ಬಿಡುತ್ತಿರಲಿಲ್ಲ, ವಾದ ಮಾಡುತ್ತಿದ್ದರು.

ನನಗೆ ಇದರಲ್ಲಿ ತುಂಬಾ ಇಷ್ಟ ಆಗುವುದು ಕತ್ತರಿ ಪ್ರಯೋಗ. ಎಲೆಯಲ್ಲಿ ತೂತು ಕಂಡರೆ ಬೆಳೆಯೇ ಹೋಯಿತು ಅನ್ನುವ ಭಯ ಎಲ್ಲ ರೈತರಿಗೂ ಇರುತ್ತದೆ. ಅಲ್ಲಿ ರೈತರ ಕೈಗೇ ಕತ್ತರಿ ಕೊಟ್ಟು, ಎಳೆ ಪೈರಿನ ಎಲೆಗಳನ್ನು ಅವರಿಂದಲೇ ಕತ್ತರಿಸುತ್ತಿದ್ದರು. ಹುಳು ತಿಂದ ಹಾಗೆ. ವಾರ ವಾರ ನೋಡಿದರೆ ಪೈರು ಮತ್ತೆ ಚಿಗುರಿಕೊಳ್ಳುತ್ತದೆ. ತಾನೇ ಕತ್ತರಿಸಿ ತಾನೇ ಕೊಯ್ದು ತೂಗಿದವನಿಗೆ ಇನ್ನೊಬ್ಬರು ಹೇಳುವುದೇನು ಉಳಿಯಿತು?

ಪಾಠ ನಡೆಸುವವರಿಗೂ ಒಂದು ನಿಯಮ ಇತ್ತು. ಹುಳು ಹಿಡಿದು ತಂದು ಇದು ಏನು ಅಂತ ಕೇಳಿದರೆ ಹೆಸರು ಹೇಳುವ ಹಾಗಿಲ್ಲ. ‘ಎಲ್ಲಿ ಸಿಕ್ಕಿತು? ಏನು ಮಾಡುತ್ತಿತ್ತು?’ ಅಂತ ತಿರುಗಿ ಕೇಳಬೇಕು. ನಿನ್ನ ಆರು ತಜ್ಞರಲ್ಲಿ ಎಷ್ಟು ಜನಕ್ಕೆ ಇದು ಆಗುತ್ತದೆ ನೋಡು. ಆಗುವವರನ್ನು ಉಳಿಸಿಕೋ.

ಒಂದು ದಿನದಲ್ಲಿ ಇಡೀ ಹಂಗಾಮು ತೋರಿಸಲು ಆಗುವುದಿಲ್ಲ, ಗೊತ್ತು. ಆದರೆ ಬೆಳಿಗ್ಗೆ ಒಂದೂವರೆ ಗಂಟೆ ಹೊಲ, ಒಂದು ಗಂಟೆ ಚಿತ್ರ ಮತ್ತು ವಾದ, ಇಷ್ಟು ಧಾರಾಳವಾಗಿ ಆಗುತ್ತದೆ.

ಓದು ಬರೆಹ ಬಾರದವರು ಏನು ಮಾಡಬೇಕು ಅಂತ ಅಕ್ಕ ಕೇಳಿದ್ದಾಳೆ. ಒಳ್ಳೆಯ ಪ್ರಶ್ನೆ. ಬಣ್ಣದ ಚೀಟಿ, ಪೆನ್ನು ಹಂಚಿದ ಕೂಡಲೇ ಅರ್ಧ ಜನ ಹಿಂದೆ ಸರಿಯುತ್ತಾರೆ. ನೆಲದ ಮೇಲೆ ಖಾನೆ ಖಾನೆಯಾಗಿ ಚೌಕ ಎಳೆಯಿರಿ. ಮೇಲೆ ನಾಲ್ಕೈದು ತಳಿ, ಪಕ್ಕದಲ್ಲಿ ಅವುಗಳ ಗುಣ. ಗುಣ ಯಾವುದು ಅಂತ ರೈತರೇ ಹೇಳಲಿ. ಆ ಗುಣದಲ್ಲಿ ತಳಿ ಎಷ್ಟು ಚೆನ್ನಾಗಿದೆಯೋ ಅಷ್ಟು, ಒಂದೊಂದು ಖಾನೆಗೆ ಹತ್ತರವರೆಗೆ ಕಾಳು ಇಡಲಿ. ಹೆಂಗಸರ ಚೌಕ ಬೇರೆ, ಗಂಡಸರದು ಬೇರೆ ಮಾಡಿ, ಆಮೇಲೆ ಪಕ್ಕ ಪಕ್ಕ ನಿಲ್ಲಿಸಿ ನೋಡಿ. ಇಳುವರಿಯಲ್ಲಿ ಗೆದ್ದ ತಳಿ ಮೇವಿನಲ್ಲೋ ಅಡುಗೆಯಲ್ಲೋ ಸೋತಿರುತ್ತದೆ. ಒಂದೇ ಮನೆಯ ಇಬ್ಬರು ಬೇರೆ ಬೇರೆ ತಳಿ ಆರಿಸಿರುತ್ತಾರೆ. ಚರ್ಚೆ ಅಲ್ಲಿಂದ ತಾನಾಗಿ ಹುಟ್ಟುತ್ತದೆ. ಈ ಪದ್ಧತಿಗಳನ್ನು ಜಗತ್ತಿಗೆ ಹರಡಿದ ರಾಬರ್ಟ್ ಚೇಂಬರ್ಸ್ ‘ಕೋಲು ಅವರ ಕೈಗೆ ಕೊಡಿ’ ಅನ್ನುತ್ತಿದ್ದರು. ನೆಲದ ಮೇಲೆ ಗೆರೆ ಎಳೆಯುವ ಕೋಲು ಯಾರ ಕೈಯಲ್ಲಿದೆಯೋ ಮಾತೂ ಅವರದೇ, ಅಲ್ವಾ?

ಮಧ್ಯಾಹ್ನಕ್ಕೆ ಓಪನ್ ಸ್ಪೇಸ್ ಇಟ್ಟುಕೋ. ಹೆಸರು ಕೇಳಿ ಹೆದರಬೇಡ. ಸಮ್ಮೇಳನದಲ್ಲಿ ಜನಕ್ಕೆ ಹಿಡಿಸಿದ್ದು ಕಾಫಿ ಬಿಡುವು ಮಾತ್ರ ಅಂತ ಹ್ಯಾರಿಸನ್ ಓವನ್ ಅನ್ನುವವರಿಗೆ ಅನಿಸಿತು. ಹಾಗಿದ್ದರೆ ಇಡೀ ಸಭೆಯನ್ನೇ ಬಿಡುವಿನ ಹಾಗೆ ಮಾಡೋಣ ಅಂತ 1985ರಲ್ಲಿ ಶುರು ಮಾಡಿದರು. ವಿಷಯ ಪಟ್ಟಿ ಮೊದಲೇ ಇರುವುದಿಲ್ಲ. ಬಂದವರೇ ಎದ್ದು ನನಗೆ ಇದರ ಬಗ್ಗೆ ಮಾತಾಡಬೇಕು ಅನ್ನುತ್ತಾರೆ, ಆಸಕ್ತಿ ಇದ್ದವರು ಅವರ ಸುತ್ತ ಸೇರುತ್ತಾರೆ. ಕಲಿಯುವುದೂ ಇಲ್ಲ, ಕೊಡುವುದೂ ಇಲ್ಲ ಅನಿಸಿದರೆ ಎದ್ದು ಬೇರೆ ಗುಂಪಿಗೆ ಹೋಗಬಹುದು, ಯಾರೂ ಬೇಜಾರು ಮಾಡಿಕೊಳ್ಳುವಂತಿಲ್ಲ. ನಿನ್ನ ಮುಖ್ಯ ಅತಿಥಿಗೆ ಇದನ್ನು ಮೊದಲೇ ಹೇಳಿಬಿಡು, ಆಮೇಲೆ ಮುಖ ಊದಿಸಿಕೊಂಡಾರು! 2010ರಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಆಫ್ರಿಕಾದ ಕೃಷಿಯವರು ಇಂಥದ್ದೇ ಜ್ಞಾನ ಹಂಚುವ ಮೇಳ ಮಾಡಿದ್ದರು, ಹೊಸದೇನಲ್ಲ.

ಇನ್ನು ನನ್ನದೇ ಒಂದು ಸೋಲು ಹೇಳುತ್ತೇನೆ. ಹಿಂದೆ ಒಂದು ಕಡೆ ಇಂಥ ಸಭೆಗೆ ಕೈಜೋಡಿಸಿದ್ದೆ. ಟೇಬಲ್ ಟೇಬಲ್ ಸುತ್ತಿ ಮಾತು, ಬಣ್ಣದ ಚಾರ್ಟು, ಫೋಟೋ, ಎಲ್ಲ ಭರ್ಜರಿ. ಸಂಜೆ ಚಾರ್ಟು ಸುತ್ತಿ ಬೀರುವಿನಲ್ಲಿ ಇಟ್ಟೆವು. ಮುಂದಿನ ವರ್ಷ ಅದೇ ಜನ ಅದೇ ಪ್ರಶ್ನೆ ಕೇಳಿದರು. ಒಬ್ಬರು ಮಾತ್ರ, ‘ಹೋದ ಸಲ ಹೇಳಿದ್ದು ಏನಾಯಿತು?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ಅದಕ್ಕೇ ಕೊನೆಯ ಅರ್ಧ ಗಂಟೆ ವಂದನಾರ್ಪಣೆಗೆ ಕೊಡಬೇಡ. ಪ್ರತಿಯೊಬ್ಬರೂ ತಮ್ಮ ಹೊಲದ ಒಂದು ಮೂಲೆಯಲ್ಲಿ ಏನು ಮಾಡಿ ನೋಡುತ್ತೇನೆ ಅಂತ ಹೇಳಲಿ. ಪೂರ್ತಿ ಹೊಲ ಬೇಡ, ಒಂದು ಮೂಲೆ ಸಾಕು. ಅದನ್ನು ನೋಡಲು ಯಾರು ಯಾವಾಗ ಹೋಗುತ್ತಾರೆ ಅನ್ನುವುದೂ ಅಲ್ಲೇ ತೀರ್ಮಾನ ಆಗಲಿ. ಹಾಗೆ ಹೋಗುವವರು ರೈತರೇ ಆದರೆ ಇನ್ನೂ ಒಳ್ಳೆಯದು.

ಸರಿ, ನನ್ನ ಮಾತು ಸಾಕು. ಸಭೆ ನಡೆಯುವ ಕಡೆ, ನಡೆದು ಹೋಗುವಷ್ಟು ಹತ್ತಿರದಲ್ಲಿ, ಬೆಳೆ ನಿಂತಿರುವ ಹೊಲ ಇದೆಯಾ? ಮೊದಲು ಅದನ್ನು ವಿಚಾರಿಸಿ ಹೇಳು. ಇಲ್ಲದಿದ್ದರೆ ಜಾಗವನ್ನೇ ಬದಲಾಯಿಸಬೇಕಾಗುತ್ತದೆ.