ಡಿಕ್ಕಿ ನಡುಗುತ್ತದೆ, ಮುಂದಿನ ಸೀಟಿಗೆ ಬಾಸ್ ಬರುವುದಿಲ್ಲ: ಆಂಪ್ಲಿಫೈಯರ್ ಬದಲಿಸಬೇಕೇ?

ಪ್ರಶ್ನೆ – ಚಿಂಚವಾಡ, ಪುಣೆ

ನಮಸ್ಕಾರ. ಎರಡು ತಿಂಗಳ ಹಿಂದೆ ನನ್ನ ಸೆಡಾನ್ ಕಾರಿಗೆ 12 ಇಂಚಿನ ಸಬ್‌ವೂಫರ್ ಹಾಕಿಸಿದೆ. ಪೆಟ್ಟಿಗೆ ಪೂರ್ತಿ ಮುಚ್ಚಿದ್ದು. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ 1400 ವಾಟ್ ಎಂದಿದೆ, ಒಳಗಿನ ಚೀಟಿಯಲ್ಲಿ ಆರ್‌ಎಂಎಸ್ (ಸತತವಾಗಿ ತಾಳುವ ಶಕ್ತಿ) 300 ವಾಟ್. ವಾಯ್ಸ್ ಕಾಯಿಲ್ (ಸ್ಪೀಕರನ್ನು ಅಲುಗಿಸುವ ತಂತಿಸುರುಳಿ) ಎರಡು, ತಲಾ 4 ಓಮ್. ಆಂಪ್ಲಿಫೈಯರ್ 4 ಓಮ್‌ಗೆ 300 ವಾಟ್, 2 ಓಮ್‌ಗೆ 500 ವಾಟ್ ಕೊಡುತ್ತದೆ.

ಡಿಕ್ಕಿ ತೆರೆದು ಹಿಂದೆ ನಿಂತರೆ ಎದೆಗೆ ಬಡಿಯುತ್ತದೆ. ಒಳಗೆ ಕೂತರೆ ಪಕ್ಕದ ಮನೆಯಲ್ಲಿ ಯಾರೋ ಡೋಲು ಬಾರಿಸುತ್ತಿರುವಂತೆ ಕೇಳುತ್ತದೆ. ದನಿ ಏರಿಸಿದರೆ ಆಂಪ್ಲಿಫೈಯರ್‌ನ ಕೆಂಪು ದೀಪ ಹೊತ್ತಿ ಸದ್ದು ನಿಂತೇ ಹೋಗುತ್ತದೆ. ಹಾಕಿಕೊಟ್ಟವರು 1000 ವಾಟಿನದು ಕೊಳ್ಳಿ ಎನ್ನುತ್ತಿದ್ದಾರೆ. ದೀಪಾವಳಿಗೆ ಹುಬ್ಬಳ್ಳಿಗೆ ಹೊರಡುವುದಿದೆ, ಅಷ್ಟರೊಳಗೆ ಸರಿಪಡಿಸಿಕೊಳ್ಳುವ ಆಸೆ.

ಉತ್ತರ – ಡೊಂಬಿವಲಿ

ದಯವಿಟ್ಟು ಈಗಲೇ ಏನನ್ನೂ ಕೊಳ್ಳಬೇಡಿ. ವಾಟ್ ಎರಡು ಪಟ್ಟಾದರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಎನ್ನಿಸಲು ಸುಮಾರು 10 ಡೆಸಿಬಲ್ ಬೇಕು, ಎಂದರೆ ಹತ್ತು ಪಟ್ಟು ವಾಟ್. 300 ವಾಟ್ ತಾಳುವ ಸಬ್‌ವೂಫರ್‌ಗೆ ಅಷ್ಟು ಕೊಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ. ಆ 1400 ಎಂಬ ಅಂಕಿಯನ್ನು ಮರೆತುಬಿಡಿ.

ಬಾಸ್ ಎಂದರೆ ಗಾಳಿ ತಳ್ಳುವ ಕೆಲಸ. ಸ್ಪೀಕರಿನ ಅಲುಗುವ ಭಾಗವಾದ ಕೋನ್ ಎಷ್ಟು ಅಗಲ, ಎಷ್ಟು ದೂರ ಮುಂದೆ ಹಿಂದೆ ಚಲಿಸುತ್ತದೆ ಎಂಬುದರ ಮೇಲೆ ಸದ್ದು ನಿಂತಿದೆ. 60 ಹರ್ಟ್ಸ್‌ನಲ್ಲಿ ಬರುವಷ್ಟೇ ಸದ್ದು 30 ಹರ್ಟ್ಸ್‌ನಲ್ಲೂ ಬೇಕೆಂದರೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ಆದರೆ ಕಾರಿನಲ್ಲಿ ನಮಗೊಂದು ದೊಡ್ಡ ಅನುಕೂಲವಿದೆ. ಬಾಗಿಲು ಮುಚ್ಚಿದರೆ ಅದೊಂದು ಪುಟ್ಟ ಕೋಣೆ. ಒಳಗಿನ ಉದ್ದ ಎರಡೂವರೆ ಮೀಟರ್ ಎಂದುಕೊಂಡರೆ, ಸುಮಾರು 70 ಹರ್ಟ್ಸ್‌ಗಿಂತ ಕೆಳಗಿನ ಅಲೆಯ ಅರ್ಧವೂ ಅದರಲ್ಲಿ ಹಿಡಿಯುವುದಿಲ್ಲ. ಆಗ ಒತ್ತಡ ಇಡೀ ಕೋಣೆಯಲ್ಲಿ ತುಂಬಿಕೊಂಡು ಕೆಳಸ್ವರಗಳು ಹೊರಗಿಗಿಂತ ಒಳಗೇ ಹೆಚ್ಚು ಜೋರಾಗಬೇಕು. ನಿಮ್ಮಲ್ಲಿ ತದ್ವಿರುದ್ಧವಾಗಿದೆ. ಹಾಗಾದರೆ ಬಾಸ್ ಹುಟ್ಟುತ್ತಿದೆ, ನಡುವೆ ಎಲ್ಲೋ ಸೋರಿಹೋಗುತ್ತಿದೆ. ಅದನ್ನು ಹುಡುಕೋಣ.

ಬುಧವಾರ ಪೇಠೆಯಲ್ಲಿ ಒಂದು ಸಾಧಾರಣ ಮಲ್ಟಿಮೀಟರ್ ಕೊಂಡುಕೊಳ್ಳಿ. ಆಂಪ್ಲಿಫೈಯರ್ ಆರಿಸಿ, ಸ್ಪೀಕರ್ ತಂತಿ ಬಿಚ್ಚಿ ಅದರ ಓಮ್ ಅಳೆಯಿರಿ. ಮತ್ತೆ ಜೋಡಿಸಿ, ಇಂಜಿನ್ ಚಾಲೂ ಇಟ್ಟು ಬಾಸ್ ಬಡಿಯುವಾಗ ಬ್ಯಾಟರಿಯ ವೋಲ್ಟ್, ಆಂಪ್ಲಿಫೈಯರ್ ಟರ್ಮಿನಲ್‌ನ ವೋಲ್ಟ್ ಎರಡನ್ನೂ ನೋಡಿ. ಕೊನೆಗೆ ಹಿಂದಿನ ಸೀಟನ್ನು ಮಡಚಿ ಅದೇ ಹಾಡನ್ನು ಕೇಳಿ.

ಪ್ರಶ್ನೆ ಕೇಳಿದವರು

ಅಳೆದೆ. ಓಮ್ 7.1. ಬ್ಯಾಟರಿಯಲ್ಲಿ 13.9 ವೋಲ್ಟ್, ಆಂಪ್ಲಿಫೈಯರ್‌ನಲ್ಲಿ 10.8! ಸೀಟು ಮಡಚಿದಾಗ ಬಾಸ್ ಸ್ಪಷ್ಟವಾಗಿ ಹೆಚ್ಚಿತು, ಆದರೂ ಹೊಡೆತದಲ್ಲಿ ಬಿಗಿಯಿಲ್ಲ.

ಉತ್ತರ – ಡೊಂಬಿವಲಿ

ಮೂರು ಕಡೆ ಸೋರಿಕೆ ಸಿಕ್ಕಿತು. 7.1 ಎಂದರೆ ಎರಡು ಕಾಯಿಲ್‌ಗಳನ್ನು ಸರಣಿಯಲ್ಲಿ ಜೋಡಿಸಿ 8 ಓಮ್ ಮಾಡಿದ್ದಾರೆ. ನಿಮ್ಮ ಆಂಪ್ಲಿಫೈಯರ್ ಅದಕ್ಕೆ ಕೊಡುವುದು ಹೆಚ್ಚೆಂದರೆ 150 ವಾಟ್. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ ಸಮಾಂತರವಾಗಿ ಜೋಡಿಸಿದರೆ 2 ಓಮ್ ಆಗುತ್ತದೆ. ಈಗ 500 ವಾಟ್ ಹೊರಬೀಳಬಹುದು, ಆದ್ದರಿಂದ ಗೇನ್ ಕೆಳಗಿಡಲೇಬೇಕು. ಗೇನ್ ದನಿ ಹೆಚ್ಚಿಸುವ ಗುಂಡಿಯಲ್ಲ, ಪ್ಲೇಯರ್‌ನಿಂದ ಬರುವ ಸಂಕೇತಕ್ಕೆ ಆಂಪ್ಲಿಫೈಯರನ್ನು ಹೊಂದಿಸುವ ಗುಂಡಿ. ಸ್ಪೀಕರ್ ತಂತಿ ಬಿಚ್ಚಿ, ಬಾಸ್ ಬೂಸ್ಟ್ ಆರಿಸಿ, 50 ಹರ್ಟ್ಸ್ ಟೋನ್ ಹಾಕಿ, ಪ್ಲೇಯರ್ ದನಿಯನ್ನು ಮುಕ್ಕಾಲಿಗೆ ಇಡಿ. ಔಟ್‌ಪುಟ್‌ನಲ್ಲಿ 24.5 ಎಸಿ ವೋಲ್ಟ್ ಬರುವಲ್ಲಿ ಗೇನ್ ನಿಲ್ಲಿಸಿ: 300 ವಾಟನ್ನು 2 ಓಮ್‌ನಿಂದ ಗುಣಿಸಿದರೆ 600, ಅದರ ವರ್ಗಮೂಲ 24.5.

ಕೆಂಪು ದೀಪಕ್ಕೆ ಕಾರಣ ಆ 3 ವೋಲ್ಟ್ ನಷ್ಟ. ಅರ್ಥಿಂಗ್ ತಂತಿಯ ಬೋಲ್ಟ್ ಬಿಚ್ಚಿ ನೋಡಿ, ಕೆಳಗೆ ಬಣ್ಣ ಇದ್ದೇ ಇರುತ್ತದೆ ಎಂದು ನನ್ನ ಊಹೆ. ಹೊಳೆಯುವ ಲೋಹ ಕಾಣುವವರೆಗೆ ಕೆರೆಯಿರಿ. ಪ್ಲಸ್ ತಂತಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಆಗಿದ್ದರೆ 16 ಚದರ ಮಿಲಿಮೀಟರಿನ ಶುದ್ಧ ತಾಮ್ರದ್ದನ್ನು ಎಳೆಸಿ. ಇಲ್ಲಿ ಹಣ ಹಾಕುವುದು ಸಾರ್ಥಕ.

ಹೊಡೆತದಲ್ಲಿ ಬಿಗಿಯಿಲ್ಲ ಎಂದಿರಲ್ಲ, ಬಾಗಿಲಿನ ಸ್ಪೀಕರ್ ಹೊರಗೆ ತಳ್ಳುವಾಗ ಸಬ್‌ವೂಫರ್ ಒಳಗೆ ಎಳೆಯುತ್ತಿರಬಹುದು. ಒಂದು ಮಾಡಿದ್ದನ್ನು ಇನ್ನೊಂದು ಅಳಿಸುತ್ತದೆ. ಮೇಲಿನ ಸ್ವರಗಳನ್ನು ತಡೆಯುವ ಲೋಪಾಸ್ ಫಿಲ್ಟರ್ 80 ಹರ್ಟ್ಸ್‌ಗೆ ಇಟ್ಟು, ಆಂಪ್ಲಿಫೈಯರ್ ಕಡೆಯಲ್ಲಿ ಸಬ್‌ವೂಫರ್‌ನ ಪ್ಲಸ್ ಮೈನಸ್ ಅದಲುಬದಲು ಮಾಡಿ, ಚಾಲಕನ ಸೀಟಿನಲ್ಲೇ ಕೂತು ಕೇಳಿ. ಜೋರಾಗಿ ಕೇಳಿದ್ದೇ ಸರಿ.

ವಾಸ್ಕೋ, ಗೋವಾ

ರಂಧ್ರವಿರುವ ಪೆಟ್ಟಿಗೆಯನ್ನು ಯಾರೂ ಹೇಳಲಿಲ್ಲ. ನಾನು 34 ಹರ್ಟ್ಸ್‌ಗೆ ಹೊಂದಿಸಿದ ಪೋರ್ಟ್ ಪೆಟ್ಟಿಗೆ ಮಾಡಿಸಿದ ಮೇಲೆ ಅದೇ ಆಂಪ್ಲಿಫೈಯರ್‌ನಲ್ಲಿ ಬಾಸ್ ಎದ್ದು ಕೇಳಿತು.

ಉತ್ತರ – ಡೊಂಬಿವಲಿ

ನಿಜ, ಹೊಂದಿಸಿದ ಸ್ವರದ ಆಸುಪಾಸಿನಲ್ಲಿ ಪೋರ್ಟ್ ಚೆನ್ನಾಗಿ ನೆರವಾಗುತ್ತದೆ. ಆದರೆ ಆ ಸ್ವರಕ್ಕಿಂತ ಕೆಳಗೆ ಕೋನ್‌ಗೆ ಗಾಳಿಯ ತಡೆ ಉಳಿಯುವುದಿಲ್ಲ, ಹಿಡಿತ ತಪ್ಪಿ ಹರಿಯಬಹುದು. ಅಷ್ಟು ಕೆಳಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇಲ್ಲದೆ ಬೇಡ. ಪೆಟ್ಟಿಗೆಯೂ ದೊಡ್ಡದು, ಹಬ್ಬಕ್ಕೆ ಊರಿಗೆ ಹೋಗುವವರಿಗೆ ಡಿಕ್ಕಿಯಲ್ಲಿ ಜಾಗ ಬೇಕು. ಮೊದಲು ಇದ್ದದ್ದು ಸರಿಯಾಗಲಿ.

ಪ್ರಶ್ನೆ ಕೇಳಿದವರು

ಬೋಲ್ಟಿನ ಕೆಳಗೆ ಬಣ್ಣವೇ ಇತ್ತು! ಕೆರೆದು, ತಂತಿ ಬದಲಿಸಿದೆ. ಈಗ ಆಂಪ್ಲಿಫೈಯರ್‌ನಲ್ಲಿ 13.5 ವೋಲ್ಟ್. ಓಮ್ 1.8. ಆದರೆ ನನಗೆ ಅಚ್ಚರಿಯಾದದ್ದು ಪ್ಲಸ್ ಮೈನಸ್ ಅದಲುಬದಲಿನಿಂದ. ಒಂದು ರೂಪಾಯಿ ಖರ್ಚಿಲ್ಲದ ಆ ಕೆಲಸವೇ ಎಲ್ಲಕ್ಕಿಂತ ಹೆಚ್ಚು ಬಾಸ್ ಕೊಟ್ಟಿತು. ಹಿಂದಿನ ಸೀಟಿನ ಕೈಯಾಸರೆ ಇಳಿಸಿ ಅದರ ಹಿಂದಿನ ಕಿಂಡಿ ತೆರೆದಿಟ್ಟರೆ ಸೀಟು ಮಡಚುವುದೂ ಬೇಡವಾಯಿತು. ಖಂಬಾಟಕಿ ಘಾಟ್‌ವರೆಗೆ ಹೋಗಿ ಬಂದೆ, ಕೆಂಪು ದೀಪ ಒಮ್ಮೆಯೂ ಹೊತ್ತಲಿಲ್ಲ. ನಿಮಗೆ ತುಂಬಾ ಋಣಿ, ಸರ್. ಹೊಸ ತಂತಿಗೆ ಫ್ಯೂಸ್ ಎಲ್ಲಿ ಹಾಕಬೇಕು?

ಉತ್ತರ – ಡೊಂಬಿವಲಿ

ಬ್ಯಾಟರಿಯ ಪ್ಲಸ್‌ನಿಂದ 45 ಸೆಂಟಿಮೀಟರಿನೊಳಗೆ. ಆಂಪ್ಲಿಫೈಯರ್‌ನಲ್ಲಿರುವ ಫ್ಯೂಸ್ ಎಷ್ಟು ಆಂಪಿಯರ್‌ನದೋ ಅಷ್ಟೇ ಇರಲಿ. ಅದನ್ನು ಹಾಕದೆ ಹುಬ್ಬಳ್ಳಿಗೆ ಹೊರಡಬೇಡಿ. ದಾರಿಯಲ್ಲಿ ಆ ತಂತಿ ಎಲ್ಲಾದರೂ ಸವೆದು ಕಾರಿನ ಲೋಹದ ಮೈಗೆ ತಾಗಿದರೆ ಬೆಂಕಿ ಹತ್ತಿಕೊಳ್ಳುತ್ತದೆ.